ತಾಯಿಯ ಉಳಿದ ಹದಿನೇಳು ಹಲ್ಲುಗಳು: ಎಲ್ಲವನ್ನೂ ಕೀಳಿಸಬೇಕೆ, ಕೀಳಿಸಿದರೆ ಮುಂದೇನು?

ಪ್ರಶ್ನೆ ಕೇಳಿದವರು, ಹರಿಹರ

ನನ್ನ ತಾಯಿಗೆ ಈಗ 63 ವರ್ಷ. 14 ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಕಳೆದ ತಿಂಗಳು ಮಾಡಿಸಿದ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) 8.6 ಬಂದಿದೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಅಭ್ಯಾಸ ಬಹಳ ವರ್ಷ ಇತ್ತು, 6 ವರ್ಷಗಳ ಹಿಂದೆ ಬಿಟ್ಟಿದ್ದಾರೆ. ಬಾಯಿಯಲ್ಲಿ ಈಗ ಉಳಿದಿರುವುದು ಮೇಲೆ 7 ಮತ್ತು ಕೆಳಗೆ 10, ಒಟ್ಟು 17 ಹಲ್ಲುಗಳು. ಮೇಲಿನವು ನಾಲಿಗೆ ತಾಗಿದರೂ ಅಲುಗಾಡುತ್ತವೆ, ವಸಡಿನಿಂದ ಕೀವು ಬರುತ್ತದೆ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಯೇ ತಿನ್ನಬೇಕಾಗಿದೆ.

ಇಬ್ಬರು ವೈದ್ಯರಿಗೆ ತೋರಿಸಿದೆವು. ಮೊದಲ ಚಿಕಿತ್ಸಾಲಯದವರು ಎಲ್ಲ ಹಲ್ಲುಗಳನ್ನೂ ಒಂದೇ ದಿನ ತೆಗೆದು, ಪ್ರತಿ ದವಡೆಗೆ 4 ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಲೋಹದ ಸ್ಕ್ರೂ) ಹಾಕಿ, 3 ದಿನಗಳಲ್ಲಿ ತೆಗೆಯಲಾಗದ ಹಲ್ಲುಗಳನ್ನು ಕೂರಿಸುತ್ತೇವೆ ಎಂದರು. 5 ಲಕ್ಷ 60 ಸಾವಿರ ರೂಪಾಯಿ ಹೇಳಿದ್ದಾರೆ, ಶನಿವಾರದೊಳಗೆ ಮುಂಗಡ ಕಟ್ಟಿದರೆ ರಿಯಾಯಿತಿಯಂತೆ. ಎರಡನೆಯವರು ಇಂಪ್ಲಾಂಟ್ ಬೇಡ, ಎಲ್ಲ ಕೀಳಿಸಿ ಮಾಮೂಲಿ ಸೆಟ್ಟು ಹಾಕಿಸಿ, 28 ಸಾವಿರದಲ್ಲಿ ಮುಗಿಯುತ್ತದೆ ಎಂದರು. ಎಲ್ಲವನ್ನೂ ಕೀಳಬೇಕೆಂಬುದರಲ್ಲಿ ಇಬ್ಬರದೂ ಒಂದೇ ಮಾತು. ಅಮ್ಮನೂ "ಕಿತ್ತುಹಾಕಿಸಿಬಿಡು, ಈ ನೋವು ಸಾಕು" ಎನ್ನುತ್ತಾರೆ. ಆದರೆ ಕೆಳಗಿನ ಕೋರೆಹಲ್ಲುಗಳು ಮತ್ತು ಅವುಗಳ ಪಕ್ಕದ ಎರಡು ಹಲ್ಲುಗಳು ನನ್ನ ಕೈಗೆ ಗಟ್ಟಿಯಾಗಿಯೇ ಸಿಗುತ್ತವೆ. ಅವನ್ನೂ ಯಾಕೆ ತೆಗೆಯಬೇಕು ಎಂದು ಕೇಳಿದಾಗ ಎರಡೂ ಕಡೆ ಸರಿಯಾದ ಉತ್ತರ ಸಿಗಲಿಲ್ಲ. ಈ ದಾರಿಯಲ್ಲಿ ನಡೆದು ಬಂದವರು ದಯವಿಟ್ಟು ತಿಳಿಸಿ.

ನಿವೃತ್ತ ಶಿಕ್ಷಕರು, ಶಿವಮೊಗ್ಗ

ನಾನು ಎರಡೂ ದವಡೆಗಳಿಗೆ ಪೂರ್ತಿ ಸೆಟ್ಟು ಹಾಕಿಕೊಂಡು 9 ವರ್ಷಗಳಾದವು. ನನಗೂ ಇಂಥದೇ ವಸಡಿನ ರೋಗವಿತ್ತು. ಅನುಭವವನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಮೇಲಿನ ಸೆಟ್ಟಿನಿಂದ ನನಗೆ ತೊಂದರೆಯಾಗಲಿಲ್ಲ. ಅದು ಅಂಗುಳನ್ನೆಲ್ಲ ಮುಚ್ಚಿಕೊಂಡು, ನಡುವೆ ಇರುವ ತೆಳುವಾದ ಜೊಲ್ಲಿನ ಪದರದಿಂದ ಅಂಟಿ ನಿಲ್ಲುತ್ತದೆ. ಕೆಳಗಿನದ್ದೇ ಬೇರೆ ಕಥೆ. ಅಲ್ಲಿ ಅಂಗುಳಿಲ್ಲ, ಕುದುರೆ ಲಾಳದ ಆಕಾರದ ಒಂದು ಸಣ್ಣ ದಿಣ್ಣೆಯಷ್ಟೇ ಆಧಾರ. ಒಳಗಿನಿಂದ ನಾಲಿಗೆ, ಹೊರಗಿನಿಂದ ಕೆನ್ನೆ ಮತ್ತು ತುಟಿ ಅದನ್ನು ಸದಾ ಎತ್ತುತ್ತಿರುತ್ತವೆ. ಮೊದಲ ವರ್ಷ ಹೇಗೋ ನಡೆಯಿತು. ಆ ದಿಣ್ಣೆ ವರ್ಷದಿಂದ ವರ್ಷಕ್ಕೆ ಸವೆಯುತ್ತ ಬಂದು ಈಗ ಬಹುತೇಕ ಸಪಾಟಾಗಿದೆ. 9 ವರ್ಷಗಳಲ್ಲಿ ಕೆಳಗಿನ ಸೆಟ್ಟನ್ನು ಎರಡು ಸಲ ಹೊಸದಾಗಿ ಮಾಡಿಸಿದ್ದೇನೆ. ಮಂಡಕ್ಕಿ ತಿಂದರೆ ಕಾಳು ಅಡಿಗೆ ಸೇರಿ ಚುಚ್ಚುತ್ತದೆ, ಚಕ್ಕುಲಿ ಮತ್ತು ಹುರಿಗಡಲೆಯನ್ನು ಪೂರ್ತಿ ಬಿಟ್ಟಿದ್ದೇನೆ. ಮುದ್ದೆಯನ್ನು ಹೇಗೂ ನುಂಗುವುದರಿಂದ ಅದಕ್ಕೆ ಅಡ್ಡಿಯಿಲ್ಲ.

ಮಾತಿನ ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾನು ಗಮಕ ವಾಚನ ಮಾಡುವವನು. ನಮ್ಮ ವ್ಯಾಕರಣದಲ್ಲಿ ತವರ್ಗವನ್ನು ದಂತ್ಯವೆಂದು ಕರೆದಿರುವುದರ ಅರ್ಥ ನನಗೆ ತಿಳಿದದ್ದು ಹಲ್ಲುಗಳು ಹೋದ ಮೇಲೆಯೇ. ಸೆಟ್ಟು ಹಾಕಿದ ಮೊದಲ ವಾರಗಳಲ್ಲಿ ಸಕಾರ ಸಿಳ್ಳೆಯಾಗುತ್ತಿತ್ತು, ವಕಾರ ತುಟಿಯಲ್ಲೇ ಕರಗುತ್ತಿತ್ತು, ಅಂಗುಳಿನ ಮೇಲೆ ಪ್ಲಾಸ್ಟಿಕ್ ಇದ್ದುದರಿಂದ ಟಕಾರ, ಣಕಾರ, ಳಕಾರಗಳು ದಪ್ಪವಾಗಿ ಕೇಳುತ್ತಿದ್ದವು. ದಿನಕ್ಕೆ ಅರ್ಧ ಗಂಟೆ ಭಾಮಿನಿ ಷಟ್ಪದಿಗಳನ್ನು ಗಟ್ಟಿಯಾಗಿ, ನಿಧಾನವಾಗಿ ಓದುತ್ತ ಹೋದೆ. ಏಳೆಂಟು ವಾರಗಳಲ್ಲಿ ಮಾತು ಸರಿಹೋಯಿತು. ನಿಮ್ಮ ತಾಯಿಯವರು ಹಾಡು ಹೇಳುವವರಾಗಿದ್ದರೆ, ವಚನ ಓದುವವರಾಗಿದ್ದರೆ, ಮೇಣದ ಮೇಲೆ ಹಲ್ಲು ಜೋಡಿಸಿ ನೋಡುವ ದಿನವೇ ಗಟ್ಟಿಯಾಗಿ ಓದಿಸಿ. ಮುಂದಿನ ಹಲ್ಲುಗಳನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಲು ಆ ದಿನ ಅವಕಾಶವಿರುತ್ತದೆ, ಆಮೇಲೆ ಇರುವುದಿಲ್ಲ.

ಆಗ ಯಾರಾದರೂ ಕೆಳಗಿನ ಎರಡು ಕೋರೆಹಲ್ಲುಗಳನ್ನು ಉಳಿಸಿಕೊಳ್ಳಿ ಎಂದು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅಂದುಕೊಳ್ಳುತ್ತೇನೆ.

ದಂತವೈದ್ಯೆ, ಕೃತಕ ದಂತ ವಿಭಾಗ

ನಾನು ದಂತವೈದ್ಯ ಕಾಲೇಜೊಂದರಲ್ಲಿ ಪ್ರಾಸ್ತೊಡಾಂಟಿಕ್ಸ್ ವಿಭಾಗದಲ್ಲಿದ್ದೇನೆ. ಬಾಯಿಯನ್ನು ನೋಡದೆ ತೀರ್ಮಾನ ಹೇಳುವುದು ಸರಿಯಲ್ಲ, ಹೇಳುವುದೂ ಇಲ್ಲ. ತೀರ್ಮಾನಕ್ಕೆ ಬರುವ ಮೊದಲು ಯಾವ ಪ್ರಶ್ನೆಗಳಿಗೆ ಉತ್ತರ ಬೇಕು ಎಂಬುದನ್ನು ಮಾತ್ರ ತಿಳಿಸುತ್ತೇನೆ.

"ಎಲ್ಲ ಹಲ್ಲುಗಳನ್ನು ಕೀಳಬೇಕು" ಎಂಬ ಒಂದು ವಾಕ್ಯದೊಳಗೆ ಹದಿನೇಳು ಬೇರೆ ಬೇರೆ ತೀರ್ಮಾನಗಳು ಅಡಗಿವೆ. ಪ್ರತಿ ಹಲ್ಲಿನ ಸುತ್ತ ವಸಡಿನ ಚೀಲ, ಅಂದರೆ ಹಲ್ಲಿಗೂ ವಸಡಿಗೂ ನಡುವಿನ ಸಂದು, ಎಷ್ಟು ಮಿಲಿಮೀಟರ್ ಆಳವಿದೆ, ಬೇರಿನ ಸುತ್ತ ಎಷ್ಟು ಮೂಳೆ ಉಳಿದಿದೆ, ಅಲುಗಾಟ ಯಾವ ದರ್ಜೆಯದು ಎಂದು ಅಳೆದು ಬರೆದ ಪಟ್ಟಿಯನ್ನು ಕೇಳಿ ಪಡೆಯಿರಿ. ಅಕ್ಕಪಕ್ಕ ಮಾತ್ರವಲ್ಲದೆ ಮೇಲೆ ಕೆಳಗೂ ಆಡುವ ಹಲ್ಲು ಮೂರನೆಯ ದರ್ಜೆಯದು, ಅದನ್ನು ಉಳಿಸುವುದು ಸಾಮಾನ್ಯವಾಗಿ ಆಗದು. ಒಂದನೆಯ ದರ್ಜೆಯ ಹಲ್ಲು ವಸಡಿನ ಚಿಕಿತ್ಸೆಯ ನಂತರ ವರ್ಷಗಟ್ಟಲೆ ನಿಲ್ಲಬಹುದು. ಆ ಪಟ್ಟಿ ಮತ್ತು ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಒಪಿಜಿ ಎಕ್ಸರೇ ಇಲ್ಲದೆ ಎಲ್ಲವನ್ನೂ ತೆಗೆಯೋಣ ಎಂದವರಿಗೆ ಮುಂಗಡ ಕೊಡಬೇಡಿ. ಶನಿವಾರದ ಗಡುವಿಗೆ ವೈದ್ಯಕೀಯ ಕಾರಣ ಯಾವುದೂ ಇರಲಾರದು.

ಮೇಲಿನ ದವಡೆ ಮತ್ತು ಕೆಳಗಿನ ದವಡೆ ಎರಡು ಪ್ರತ್ಯೇಕ ಪ್ರಶ್ನೆಗಳು ಎಂಬುದನ್ನು ಮನಸ್ಸಿನಲ್ಲಿಡಿ. ಹಲ್ಲು ಹೋದ ಜಾಗದ ಮೂಳೆಗೆ ಕೆಲಸವಿಲ್ಲದಂತಾಗಿ ಅದು ಕರಗತೊಡಗುತ್ತದೆ, ಮೊದಲ ವರ್ಷದಲ್ಲೇ ದಿಣ್ಣೆಯ ಅಗಲ ಅರ್ಧದಷ್ಟು ಕುಗ್ಗಬಹುದು. ಪೂರ್ತಿ ಸೆಟ್ಟು ಧರಿಸಿದವರನ್ನು 25 ವರ್ಷ ಹಿಂಬಾಲಿಸಿ 1972ರಲ್ಲಿ ಪ್ರಕಟವಾದ ಟಾಲ್‌ಗ್ರೆನ್ ಅವರ ಅಧ್ಯಯನದಲ್ಲಿ, ಕೆಳದವಡೆಯ ಸವೆತ ಮೇಲಿನದರ ಸುಮಾರು ನಾಲ್ಕು ಪಟ್ಟು ಕಂಡುಬಂದಿತ್ತು. ಮೇಲಿನ ಶಿಕ್ಷಕರು ತಮ್ಮ ಬಾಯಿಯಲ್ಲಿ ಕಂಡುಕೊಂಡದ್ದೂ ಇದನ್ನೇ. ಕೆಳಗೆ ಎರಡು ಕೋರೆಹಲ್ಲುಗಳ ಬೇರುಗಳನ್ನಾದರೂ ಉಳಿಸಿಕೊಂಡರೆ ಚಿತ್ರ ಬದಲಾಗುತ್ತದೆ. 1978ರಲ್ಲಿ ಪ್ರಕಟವಾದ ಕ್ರಮ್ ಮತ್ತು ರೂನಿ ಅವರ ಐದು ವರ್ಷಗಳ ಅಧ್ಯಯನದಲ್ಲಿ, ಕೋರೆಹಲ್ಲುಗಳನ್ನು ಉಳಿಸಿಕೊಂಡವರಲ್ಲಿ ಕೆಳದವಡೆಯ ಮುಂಭಾಗದ ಮೂಳೆ ಸರಾಸರಿ 0.6 ಮಿಲಿಮೀಟರ್ ಮಾತ್ರ ಸವೆದಿತ್ತು, ಎಲ್ಲವನ್ನೂ ಕೀಳಿಸಿದವರಲ್ಲಿ ಅದು 5.2 ಮಿಲಿಮೀಟರ್ ಆಗಿತ್ತು.

ಇದನ್ನು ಓವರ್‌ಡೆಂಚರ್ ಎನ್ನುತ್ತೇವೆ. ಗಟ್ಟಿಯಿರುವ ಹಲ್ಲಿಗೆ ಬೇರುನಾಳ ಚಿಕಿತ್ಸೆ ಮಾಡಿ, ಮೇಲಿನ ಭಾಗವನ್ನು ವಸಡಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ಗುಮ್ಮಟದಂತೆ ಕತ್ತರಿಸಿ, ಅದರ ಮೇಲೆ ಸೆಟ್ಟನ್ನು ಕೂರಿಸುವ ಕ್ರಮವಿದು. ಹಲ್ಲಿನ ಎತ್ತರ ಕಡಿಮೆಯಾದಾಗ ಬೇರಿನ ಮೇಲೆ ಬೀಳುವ ಪಕ್ಕದ ಒತ್ತಡವೂ ಕಡಿಮೆಯಾಗುವುದರಿಂದ, ಸ್ವಲ್ಪ ಅಲುಗಾಡುತ್ತಿದ್ದ ಹಲ್ಲು ಕೂಡ ಭದ್ರವಾಗುವುದುಂಟು. ಬೇರಿನ ಸುತ್ತಲಿನ ನಾರುಗಳು ಉಳಿಯುವುದರಿಂದ ಎಷ್ಟು ಬಲವಾಗಿ ಕಚ್ಚುತ್ತಿದ್ದೇವೆ ಎಂಬ ಅರಿವೂ ಉಳಿಯುತ್ತದೆ. ಅಷ್ಟು ಸೂಕ್ಷ್ಮವಾದ ಅರಿವು ಇಂಪ್ಲಾಂಟಿನಿಂದ ಸಿಗುವುದಿಲ್ಲ. ಆದರೆ ಆ ಗುಮ್ಮಟಗಳನ್ನು ದಿನಕ್ಕೆ ಎರಡು ಬಾರಿ ಫ್ಲೋರೈಡ್ ಪೇಸ್ಟಿನಿಂದ ಉಜ್ಜದಿದ್ದರೆ ಹುಳುಕು ಹಿಡಿದು ಎರಡು ಮೂರು ವರ್ಷಗಳಲ್ಲೇ ಅವೂ ಹೋಗುತ್ತವೆ. ರೋಗಿಗೆ ಆ ಶಿಸ್ತು ಇದೆಯೇ ಎಂಬುದನ್ನು ಮನೆಯವರೇ ಪ್ರಾಮಾಣಿಕವಾಗಿ ಹೇಳಬೇಕು.

ಕೆಳಗಿನ ಎಲ್ಲ ಹಲ್ಲುಗಳೂ ಹೋಗಲೇಬೇಕೆಂದಾದರೆ, ಕೋರೆಹಲ್ಲಿನ ಜಾಗಗಳಲ್ಲಿ ಎರಡು ಇಂಪ್ಲಾಂಟ್ ಹಾಕಿ ಅವುಗಳಿಗೆ ಗುಂಡಿಯಂತೆ ಸಿಕ್ಕಿಸುವ ಸೆಟ್ಟು ಮಾಡಿಸಬಹುದು. ಹಲ್ಲಿಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕು ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಒಮ್ಮತಕ್ಕೆ ಬಂದಿದ್ದರು. ಖರ್ಚಿನಲ್ಲೂ ಇದು ನಿಮಗೆ ಹೇಳಿದ ಎರಡು ಮೊತ್ತಗಳ ನಡುವೆ ಎಲ್ಲೋ ಬರುತ್ತದೆ. ಎರಡೂ ಕಡೆ ಈ ನಡುವಿನ ದಾರಿಯ ಮಾತೇ ಬರಲಿಲ್ಲವೆಂಬುದು ನನಗೆ ಬೇಸರ ತಂದಿತು.

ಕೊನೆಯದಾಗಿ ಒಂದು ಪ್ರಶ್ನೆ: ತಾಯಿಯವರಿಗೆ ಮೂಳೆ ಸವೆತಕ್ಕೆಂದು ಯಾವಾಗಲಾದರೂ ವಾರಕ್ಕೊಂದು ಮಾತ್ರೆ, ಅಥವಾ ವರ್ಷಕ್ಕೊಮ್ಮೆ ಡ್ರಿಪ್ ಕೊಟ್ಟಿದ್ದಾರೆಯೇ? ಇದಕ್ಕೆ ಉತ್ತರ ಸಿಗುವ ತನಕ ಒಂದು ಹಲ್ಲನ್ನೂ ಕೀಳಿಸಬೇಡಿ.

ಇಂಪ್ಲಾಂಟ್ ಮಾಡಿಸಿಕೊಂಡವರು, ಬೆಂಗಳೂರು

ನನ್ನ ಮಾತು ಇನ್ನೊಂದು ಕಡೆಯದು. 58ನೇ ವಯಸ್ಸಿನಲ್ಲಿ ಮೇಲಿನ ದವಡೆಗೆ 6, ಕೆಳಗೆ 4 ಇಂಪ್ಲಾಂಟ್ ಹಾಕಿಸಿಕೊಂಡೆ. ಈಗ 5 ವರ್ಷಗಳಾಗಿವೆ. ಜೋಳದ ಕಟಕ ರೊಟ್ಟಿ, ಸೌತೆಕಾಯಿ ಎಲ್ಲವನ್ನೂ ತಿನ್ನುತ್ತೇನೆ, ಕಬ್ಬೊಂದನ್ನು ಬಿಟ್ಟು. ರಾತ್ರಿ ಲೋಟದಲ್ಲಿ ಹಲ್ಲಿಟ್ಟು ಮಲಗುವ ಸಂಕಟ ನನಗೆ ಬೇಡವಾಗಿತ್ತು. ಆ ಸಂಕಟ ಸಣ್ಣದೆಂದು ಯಾರೂ ಹೇಳಬಾರದು. ಹಣದ ಅನುಕೂಲವಿದ್ದವರಿಗೆ ಇದು ಒಳ್ಳೆಯ ಚಿಕಿತ್ಸೆ ಎಂದೇ ಈಗಲೂ ಹೇಳುತ್ತೇನೆ.

ಆದರೆ "3 ದಿನಗಳಲ್ಲಿ" ಎಂಬ ಮಾತನ್ನು ಬಿಡಿಸಿ ನೋಡಿ. ಟೈಟೇನಿಯಂ ಮೂಳೆಯೊಡನೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಬ್ರಾನೆಮಾರ್ಕ್ ಮೊಲಗಳ ಮೇಲಿನ ಪ್ರಯೋಗದಲ್ಲಿ ಕಂಡುಕೊಂಡು, 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಗೆ ಅಳವಡಿಸಿದರು. ಆ ಬೆಸುಗೆಗೆ ಅಂದಿನಿಂದಲೂ ತಿಂಗಳುಗಳೇ ಬೇಕು. ಕೆಲವೇ ದಿನಗಳಲ್ಲಿ ಹಾಕುವುದು ತಾತ್ಕಾಲಿಕ ಪ್ಲಾಸ್ಟಿಕ್ ಹಲ್ಲು, ಅದೂ ಸ್ಕ್ರೂ ಮೂಳೆಯಲ್ಲಿ ಸಾಕಷ್ಟು ಬಿಗಿಯಾಗಿ ಕೂತಿದ್ದರೆ ಮಾತ್ರ. ನನಗೆ ಮೊದಲ 3 ತಿಂಗಳು ಮೆತ್ತಗಿನ ಅನ್ನ, ಇಡ್ಲಿ, ಗಂಜಿಯೇ ಗತಿಯಾಗಿತ್ತು, ಅಂತಿಮ ಹಲ್ಲುಗಳು ಬಂದದ್ದು ಏಳನೆಯ ತಿಂಗಳಲ್ಲಿ. ಕೊಟ್ಟ ಬೆಲೆಯಲ್ಲಿ ಅಂತಿಮ ಹಲ್ಲುಗಳೂ ಸೇರಿವೆಯೇ ಎಂದು ಬರಹದಲ್ಲಿ ಕೇಳಿ. ಇಂಪ್ಲಾಂಟಿನ ಕಂಪನಿ, ಮಾದರಿ, ಅಳತೆಗಳನ್ನು ನಮೂದಿಸಿದ ಚೀಟಿಯನ್ನೂ ಕೇಳಿ ಇಟ್ಟುಕೊಳ್ಳಿ. ಹತ್ತು ವರ್ಷಗಳ ನಂತರ ಒಂದು ಸ್ಕ್ರೂ ಸಡಿಲವಾದರೆ, ಆ ಚೀಟಿ ಇಲ್ಲದೆ ಬೇರೆ ಯಾವ ವೈದ್ಯರೂ ಸುಲಭವಾಗಿ ಕೈಹಾಕಲಾರರು.

ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ ನಿಜ, ಆದರೆ ಸುತ್ತಲಿನ ವಸಡಿಗೂ ಮೂಳೆಗೂ ಸೋಂಕು ಬರುತ್ತದೆ. ವಸಡಿನ ರೋಗದಿಂದಲೇ ಹಲ್ಲು ಕಳೆದುಕೊಂಡವರಿಗೆ ಆ ಅಪಾಯ ಹೆಚ್ಚು, ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಇನ್ನೂ ಹೆಚ್ಚು. ನಾನು ದಿನವೂ ರಾತ್ರಿ 15 ನಿಮಿಷ ನೀರಿನ ಚಿಮ್ಮುಗೆಯಿಂದಲೂ ಸಣ್ಣ ಕುಂಚದಿಂದಲೂ ಇಂಪ್ಲಾಂಟುಗಳ ಮೇಲೆ ಕೂತ ಹಲ್ಲುಸಾಲಿನ ಅಡಿಯನ್ನು ತೊಳೆಯುತ್ತೇನೆ. 75 ವರ್ಷವಾದಾಗ, ಕೈ ನಡುಗುವಾಗ ಇದನ್ನು ಯಾರು ಮಾಡುತ್ತಾರೆ ಎಂಬ ಪ್ರಶ್ನೆ ನನ್ನನ್ನೂ ಕಾಡುತ್ತದೆ.

ಪ್ರಶ್ನೆ ಕೇಳಿದವರು, ಹರಿಹರ

ವೈದ್ಯೆಯವರ ಪ್ರಶ್ನೆಯನ್ನು ಓದಿ ಅಮ್ಮನ ಹಳೆಯ ಕಡತವನ್ನು ತೆಗೆದು ನೋಡಿದೆ. 2 ವರ್ಷಗಳ ಹಿಂದೆ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದಿತ್ತು. ಆಗ ಮೂಳೆ ತಜ್ಞರು ಜೊಲೆಡ್ರಾನಿಕ್ ಆಸಿಡ್ ಎಂಬ ಡ್ರಿಪ್ ಅನ್ನು ಒಮ್ಮೆ ಕೊಟ್ಟು, ಮರುವರ್ಷವೂ ಬರಲು ಹೇಳಿದ್ದರು. ನಾವು ಹೋಗಿರಲಿಲ್ಲ. ಈ ಸಂಗತಿಯನ್ನು ಇಬ್ಬರು ದಂತವೈದ್ಯರೂ ಕೇಳಲಿಲ್ಲ, ಕೈಮುರಿತಕ್ಕೆ ಕೊಟ್ಟ ಔಷಧಿಗೂ ಹಲ್ಲಿಗೂ ಸಂಬಂಧವಿರಬಹುದೆಂದು ನಮಗೂ ಹೊಳೆಯಲಿಲ್ಲ. ಓದಿದಾಗಿನಿಂದ ಭಯವಾಗಿದೆ.

ದಂತವೈದ್ಯೆ, ಕೃತಕ ದಂತ ವಿಭಾಗ

ಭಯಪಡುವ ಅಗತ್ಯವಿಲ್ಲ, ಆದರೆ ಇದನ್ನು ಮುಚ್ಚಿಟ್ಟು ಮುಂದುವರಿಯಬಾರದು. ಈ ಗುಂಪಿನ ಔಷಧಿಗಳು ಮೂಳೆಯಲ್ಲಿ ವರ್ಷಗಟ್ಟಲೆ ಉಳಿದು, ಹಳೆಯ ಮೂಳೆ ಹೋಗಿ ಹೊಸದು ಬರುವ ಕೆಲಸವನ್ನು ನಿಧಾನಗೊಳಿಸುತ್ತವೆ. ಹಲ್ಲು ಕಿತ್ತ ಜಾಗದಲ್ಲಿ ನಡೆಯಬೇಕಾದದ್ದು ಅದೇ ಕೆಲಸ. ಆದ್ದರಿಂದ ಕೆಲವರಲ್ಲಿ ಗಾಯ ಮಾಯದೆ ದವಡೆಯ ಮೂಳೆ ಬರಿದಾಗಿ ಉಳಿದು ಸಾಯುವ ತೊಂದರೆ ಬರುತ್ತದೆ. ಕ್ಯಾನ್ಸರಿಗೆಂದು ಪದೇ ಪದೇ ದೊಡ್ಡ ಪ್ರಮಾಣದಲ್ಲಿ ಪಡೆದವರಲ್ಲಿ ಈ ಅಪಾಯ ಗಣನೀಯ, ಮೂಳೆ ಸವೆತಕ್ಕೆಂದು ಪಡೆದವರಲ್ಲಿ ಅದು ಬಹಳ ಕಡಿಮೆ. ನಿಮ್ಮ ತಾಯಿಯವರದು ಎರಡನೆಯ ಗುಂಪು, ಅದೂ ಒಂದೇ ಡ್ರಿಪ್. ಆದರೂ ಅವರಿಗೆ ಸಕ್ಕರೆ ಕಾಯಿಲೆಯೂ ಇರುವುದರಿಂದ ಒಂದೇ ದಿನ ಹದಿನೇಳು ಹಲ್ಲುಗಳನ್ನು ತೆಗೆಯುವುದಕ್ಕೆ ನಾನಂತೂ ಒಪ್ಪುವುದಿಲ್ಲ. ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಕರು ಮೊದಲು ಒಂದು ಕಡೆ ಎರಡು ಮೂರು ಹಲ್ಲು ತೆಗೆದು, ಗಾಯ ಹೇಗೆ ಮಾಯುತ್ತದೆ ಎಂದು ನೋಡಿ ಮುಂದುವರಿಯಲಿ. ಕೀಳುವ ಮುನ್ನ ವಸಡಿನ ಆಳದ ಶುಚಿ ಮಾಡಿಸಿ. ವಸಡಿನ ಚಿಕಿತ್ಸೆಯಿಂದ ಸಕ್ಕರೆಯ ಹತೋಟಿಯೂ ಸ್ವಲ್ಪ ಸುಧಾರಿಸುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಮಧುಮೇಹ ತಜ್ಞರು ಎಚ್‌ಬಿಎ1ಸಿಯನ್ನು 8ಕ್ಕಿಂತ ಕೆಳಗೆ, ಸಾಧ್ಯವಾದರೆ 7ರ ಹತ್ತಿರ ತರಲಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನು ನೀವಾಗಿಯೇ ನಿಲ್ಲಿಸಬೇಡಿ.

ಓದುಗರು, ಧಾರವಾಡ

ನನ್ನ ತಂದೆಯವರ ವಿಷಯವನ್ನು ಬರೆಯುವುದು ಕಷ್ಟವಾದರೂ ಬರೆಯುತ್ತೇನೆ. ಒಂದು ಚಿಕಿತ್ಸಾಲಯದಲ್ಲಿ ಅವರ 14 ಹಲ್ಲುಗಳನ್ನು ಒಂದೇ ಮಧ್ಯಾಹ್ನ ತೆಗೆದರು. ಸೆಟ್ಟಿಗೆ 3 ತಿಂಗಳು ಕಾಯಬೇಕೆಂದು ಹೇಳಿದ್ದು ಹಲ್ಲು ತೆಗೆದ ನಂತರ. ಆ 3 ತಿಂಗಳು ಅವರು ಬಾಯಿಗೆ ಟವೆಲ್ ಅಡ್ಡ ಹಿಡಿದೇ ಮಾತಾಡಿದರು. ಪ್ರತಿ ಸಂಜೆ ಕಟ್ಟೆಗೆ ಹೋಗಿ ಕೂರುತ್ತಿದ್ದವರು ಮನೆಬಿಟ್ಟು ಹೊರಗೆ ಬರಲಿಲ್ಲ, ಊಟ ಇಳಿದು 7 ಕಿಲೋ ತೂಕ ಕಳೆದುಕೊಂಡರು. ಹಲ್ಲು ಕೀಳುವ ಮೊದಲೇ ಅಳತೆ ತೆಗೆದು, ಕಿತ್ತ ದಿನವೇ ಹಾಕುವ ತಕ್ಷಣದ ಸೆಟ್ಟು ಎಂಬುದೊಂದು ಇದೆ ಎಂದು ನಮಗೆ ತಿಳಿದದ್ದು ಒಂದು ವರ್ಷದ ಮೇಲೆ. ನಿಮ್ಮ ತಾಯಿಯವರು ಬೊಚ್ಚುಬಾಯಲ್ಲಿ ಎಷ್ಟು ದಿನ ಇರಬೇಕಾಗುತ್ತದೆ ಎಂದು ಮೊದಲೇ ಕೇಳಿ. ಅವರ ನಗುಮುಖದ ಹಳೆಯ ಫೋಟೋ ಇದ್ದರೆ ವೈದ್ಯರಿಗೆ ಕೊಡಿ, ಹೊಸ ಹಲ್ಲುಗಳ ಆಕಾರ, ಗಾತ್ರ ಆರಿಸಲು ಅದು ನೆರವಾಗುತ್ತದೆ.

ಇನ್ನೊಬ್ಬ ದಂತವೈದ್ಯರು, ಮೈಸೂರು

ತಕ್ಷಣದ ಸೆಟ್ಟಿನ ಬಗ್ಗೆ ಒಂದು ಸೇರ್ಪಡೆ: ಮೊದಲ ತಿಂಗಳುಗಳಲ್ಲಿ ಮೂಳೆ ಬೇಗ ಕುಗ್ಗುವುದರಿಂದ ಅದು ಸಡಿಲವಾಗುತ್ತದೆ. ಒಳಮೈಗೆ ಮೆತ್ತನೆಯ ಪದರವನ್ನು ಆಗಾಗ ಹಾಕಿಸಿ, ಸುಮಾರು ಆರು ತಿಂಗಳಿಗೆ ಗಟ್ಟಿ ಪದರ ಹಾಕಿಸಬೇಕು ಅಥವಾ ಹೊಸದನ್ನೇ ಮಾಡಿಸಬೇಕು. ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಕೆಳಗಿನ ಹಲ್ಲುಗಳನ್ನು ಉಳಿಸುವ ಸಲಹೆಗೆ ನನ್ನ ಪೂರ್ತಿ ವಿರೋಧವಿಲ್ಲ, ಆದರೆ ಒಂದು ಎಚ್ಚರಿಕೆ ಇದೆ. ಮೇಲೆ ಪೂರ್ತಿ ಸೆಟ್ಟು, ಕೆಳಗೆ ಮುಂದಿನ ಸಹಜ ಹಲ್ಲುಗಳು ಮಾತ್ರ ಇದ್ದು ಹಿಂದೆ ಏನೂ ಇಲ್ಲದಿದ್ದರೆ, ಜಗಿಯುವ ಬಲವೆಲ್ಲ ಮುಂದಕ್ಕೆ ಬೀಳುತ್ತದೆ. ಕೆಲವೇ ವರ್ಷಗಳಲ್ಲಿ ಮೇಲ್ದವಡೆಯ ಮುಂಭಾಗದ ಮೂಳೆ ಸವೆದು ವಸಡು ಜೋಲುತ್ತದೆ, ಆಮೇಲೆ ಯಾವ ಸೆಟ್ಟೂ ಅಲ್ಲಿ ನಿಲ್ಲುವುದಿಲ್ಲ. ಹಲ್ಲುಗಳನ್ನು ಕತ್ತರಿಸಿ ಅವುಗಳ ಮೇಲೆ ಹಿಂದಿನವರೆಗೂ ಹರಡಿದ ಸೆಟ್ಟು ಕೂರಿಸಿದರೆ ಈ ತೊಂದರೆ ಕಡಿಮೆ. ಹಾಗೇ ನಿಲ್ಲಿಸಿಕೊಂಡು ಹಿಂದಿನ ಜಾಗವನ್ನು ಖಾಲಿ ಬಿಟ್ಟರೆ ಒಂದು ದವಡೆಯನ್ನು ಉಳಿಸಲು ಹೋಗಿ ಇನ್ನೊಂದನ್ನು ಕೆಡಿಸಿದಂತಾಗುತ್ತದೆ.

ಆಸ್ಪತ್ರೆ ಸಿಬ್ಬಂದಿ, ಚಿತ್ರದುರ್ಗ ಜಿಲ್ಲೆ

ಹರಿಹರದವರಿಗೆ ದಾವಣಗೆರೆ ಹತ್ತಿರವೇ ಇದೆ. ಅಲ್ಲಿ ಬಾಪೂಜಿ ದಂತವೈದ್ಯ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎಂದು ಎರಡು ಕಾಲೇಜುಗಳಿವೆ. ಕಾಲೇಜಿನಲ್ಲಿ ವಸಡು, ಶಸ್ತ್ರಚಿಕಿತ್ಸೆ, ಕೃತಕ ದಂತ ವಿಭಾಗಗಳು ಒಂದೇ ಸೂರಿನಡಿ ಇರುವುದರಿಂದ, ಕೀಳುವವರೂ ಉಳಿಸುವವರೂ ಒಂದೇ ಕಡತವನ್ನು ನೋಡಿ ಮಾತಾಡಬಹುದು. ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವುದರಿಂದ ಸೆಟ್ಟಿಗೆ ಐದಾರು ಸಲ, ಪ್ರತಿ ಸಲವೂ ಅರ್ಧ ದಿನ ಹೋಗುತ್ತದೆ, ಖರ್ಚು ಮಾತ್ರ ಖಾಸಗಿಗಿಂತ ಬಹಳ ಕಡಿಮೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡಲೆಂದು ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆಯನ್ನು ತಂದಿತ್ತು. ಅರ್ಹರಾದವರು ಜಿಲ್ಲಾಸ್ಪತ್ರೆಯ ದಂತ ವಿಭಾಗದಲ್ಲಿ ಪಡಿತರ ಚೀಟಿ ತೋರಿಸಿ ವಿಚಾರಿಸಬಹುದು.

ಪ್ರಶ್ನೆ ಕೇಳಿದವರು, ಹರಿಹರ, ಐದು ತಿಂಗಳ ನಂತರ

ಇಷ್ಟು ಜನ ಸಮಯ ಕೊಟ್ಟು ಬರೆದಿದ್ದೀರಿ, ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಮುಂಗಡ ಕಟ್ಟಲಿಲ್ಲ. ಕಾಲೇಜೊಂದರಲ್ಲಿ ಪ್ರತಿ ಹಲ್ಲನ್ನೂ ಅಳೆದು ಪಟ್ಟಿ ಮಾಡಿದರು. ಮೇಲಿನ 7 ಹಲ್ಲುಗಳೂ ಮೂರನೆಯ ದರ್ಜೆಯವೇ ಆಗಿದ್ದವು, ಅವುಗಳ ವಿಷಯದಲ್ಲಿ ಮೊದಲ ಇಬ್ಬರು ವೈದ್ಯರು ಹೇಳಿದ್ದು ಸರಿಯಾಗಿತ್ತು. ಕೆಳಗಿನ 10ರಲ್ಲಿ 6 ಹೋಗಬೇಕಾಯಿತು, ನಾನು ಗಟ್ಟಿ ಎಂದುಕೊಂಡಿದ್ದ ನಾಲ್ಕರಲ್ಲಿ ಎರಡು ಕೋರೆಹಲ್ಲುಗಳು ಮತ್ತು ಬಲಗಡೆಯ ಒಂದು ಪಕ್ಕದ ಹಲ್ಲು ಉಳಿಯಲು ಯೋಗ್ಯವೆಂದರು. ಎಡಗಡೆಯದರ ಬೇರಿನ ಸುತ್ತ ಮೂಳೆ ಎಕ್ಸರೇಯಲ್ಲಿ ನಾವು ಊಹಿಸಿದ್ದಕ್ಕಿಂತ ಕಡಿಮೆ ಇತ್ತು, ಅದೂ ಹೋಯಿತು.

ಮೊದಲ ಎರಡು ತಿಂಗಳು ವಸಡಿನ ಶುಚಿ ಮತ್ತು ಸಕ್ಕರೆಯ ಹತೋಟಿಗೇ ಹೋದವು. ಎಚ್‌ಬಿಎ1ಸಿ 7.4ಕ್ಕೆ ಇಳಿದ ಮೇಲೆ ಮೇಲ್ಗಡೆಯ ಹಿಂದಿನ ಎರಡು ಹಲ್ಲುಗಳನ್ನು ತೆಗೆದು 4 ವಾರ ಕಾದರು. ಗಾಯ ಚೆನ್ನಾಗಿ ಮಾಯಿತು. ನಂತರ ಉಳಿದವನ್ನು ಮೂರು ಸರದಿಗಳಲ್ಲಿ ತೆಗೆದರು, ಮೇಲಿನ ಮುಂದಿನ ಹಲ್ಲುಗಳನ್ನು ತೆಗೆದ ದಿನವೇ ತಕ್ಷಣದ ಸೆಟ್ಟು ಹಾಕಿದರು. ಹೀಗಾಗಿ ಅಮ್ಮ ಮುಂದಿನ ಹಲ್ಲಿಲ್ಲದೆ ಒಂದು ದಿನವೂ ಇರಲಿಲ್ಲ. ಮೊದಲ ಹತ್ತು ದಿನ ಬಹಳ ಕಷ್ಟಪಟ್ಟರು, ಸೆಟ್ಟಿನ ಅಂಚು ಎರಡು ಕಡೆ ಒತ್ತಿ ಹುಣ್ಣಾಗಿತ್ತು, ಎರಡು ಬಾರಿ ಹೋಗಿ ಉಜ್ಜಿಸಿಕೊಂಡು ಬಂದೆವು. ಕೆಳಗಿನ ಮೂರು ಹಲ್ಲುಗಳಿಗೆ ಬೇರುನಾಳ ಚಿಕಿತ್ಸೆ ಮುಗಿದು ಗುಮ್ಮಟ ಮಾಡಿದ್ದಾರೆ, ಓವರ್‌ಡೆಂಚರಿನ ಅಳತೆ ಮುಂದಿನ ಮಂಗಳವಾರ. ಈವರೆಗಿನ ಖರ್ಚು, ಓಡಾಟವೂ ಸೇರಿ, 31 ಸಾವಿರ ರೂಪಾಯಿ. ಮುಂದೆ ಈ ಬೇರುಗಳೂ ಹೋದರೆ ಅದೇ ಜಾಗದಲ್ಲಿ ಎರಡು ಇಂಪ್ಲಾಂಟ್ ಹಾಕಲು ಮೂಳೆ ಉಳಿದಿರುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಆ ಹಣವನ್ನು ಈಗಿನಿಂದಲೇ ತೆಗೆದಿಡುತ್ತಿದ್ದೇನೆ.

ಶಿವಮೊಗ್ಗದ ಗುರುಗಳಿಗೆ ವಿಶೇಷವಾಗಿ ಒಂದು ಮಾತು: ಹಲ್ಲು ಜೋಡಿಸಿ ನೋಡುವ ದಿನ ಅಮ್ಮನಿಂದ ಸೋಬಾನೆ ಪದ ಹೇಳಿಸುತ್ತೇನೆ. ರಾತ್ರಿ ಊಟವಾದ ಮೇಲೆ ಕನ್ನಡಿಯ ಮುಂದೆ ನಿಂತು ಆ ಮೂರು ಗುಮ್ಮಟಗಳನ್ನು ಉಜ್ಜುವುದನ್ನು ಅವರು ಈವರೆಗೆ ಒಂದು ದಿನವೂ ತಪ್ಪಿಸಿಲ್ಲ.